ಸಕಲಾತಿಯ ಅಂಚಿಗೆ ಬಿಳಿ ಮಣಿ

ಊರಿಂದ ಅಪ್ಪ-ಅಮ್ಮ ಬಂದರೆ ಒಂಟಾರಿಯೊದಲ್ಲಿರುವ ನಾವೆಲ್ಲ ಮೊದಲ ವಾರದಲ್ಲೇ ಮಾಡುವ ಕೆಲಸ ಒಂದಿದೆ. ಡಬ್ಬಿಯಲ್ಲಿ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಕಾರು ಹತ್ತಿ ನಯಾಗರಾಕ್ಕೆ ಹೋಗೋದು. ಪ್ಲಾಸ್ಟಿಕ್ ಹೊದ್ದು ದೋಣಿಯಲ್ಲಿ ನೆಂದು ಬರೋದು. ಆಮೇಲೆ ಅಂಗಡಿಗೆ ನುಗ್ಗಿ ಊರಲ್ಲಿ ಹಂಚಲಿಕ್ಕೆ ಇಪ್ಪತ್ತು ಕೀಚೈನು, ಹತ್ತು ಫ್ರಿಜ್ ಮ್ಯಾಗ್ನೆಟ್ಟು ಕೊಳ್ಳೋದು. ಅದನ್ನು ಮಾಡಿದವರು ಯಾರು, ಎಲ್ಲಿಯವರು ಅಂತ ಯಾರೂ ಕೇಳೋದಿಲ್ಲ.

ನೂರೈವತ್ತು ವರ್ಷದ ಹಿಂದೆ ಇದೇ ಜಾಗಕ್ಕೆ ಬಂದವರು ಬೇರೆಯದೇ ಒಂದು ವಸ್ತು ಕೊಂಡು ಹೋಗುತ್ತಿದ್ದರು: ಅಂಗೈಯಗಲದ ಪುಟ್ಟ ದಿಂಬು. ಗುಂಡುಸೂಜಿ ಚುಚ್ಚಿಡಲಿಕ್ಕೆ ಮಾಡಿದ್ದು. ಕೆಲವು ಹೃದಯದ ಆಕಾರ, ಕೆಲವು ಹೆಂಗಸರ ಬೂಟಿನ ಆಕಾರ, ಕೆಲವು ಹಕ್ಕಿ. ಮೇಲೆ ಉಬ್ಬಿ ನಿಂತ ಮಣಿಯ ಹೂವು, ಎಲೆ. ಸುತ್ತ ಅಂಚಿಗೆ ಒತ್ತೊತ್ತಾಗಿ ಪೋಣಿಸಿದ ಮಣಿಯ ಸಾಲು. ಕೆಲವದರಲ್ಲಿ ಮಣಿಯಲ್ಲೇ ‘ನಯಾಗರಾ ಫಾಲ್ಸ್’ ಎಂದು ಬರೆದು ಇಸವಿಯನ್ನೂ ಹೊಲಿದಿರುತ್ತಾರೆ. ಇವನ್ನು ಹೊಲಿದು, ಜಲಪಾತದ ಪಕ್ಕ ಬಟ್ಟೆ ಹಾಸಿ ಕೂತು ಮಾರುತ್ತಿದ್ದವರು ಟಸ್ಕರೋರ ಜನಾಂಗದ ಹೆಂಗಸರು. ನಮ್ಮ ವೇದಿಕೆಯ ಸಂಚಿಕೆಯಲ್ಲಿ ಹೊಲಿಗೆಯ ಕಥೆ ಯಾಕೆ ಅಂತ ಕೇಳಬಹುದು. ಇದು ಹೊಲಿಗೆಯ ಕಥೆ ಹೌದು. ಅದರ ಜೊತೆಗೆ ಕೂಲಿಯ ಕಥೆ, ಗಡಿ ದಾಟುವವರ ಕಥೆ ಕೂಡ. ಓದಿ ನೋಡಿ.

ಮೊದಲು ಬಟ್ಟೆಯ ವಿಚಾರ. ಈ ದಿಂಬುಗಳಲ್ಲಿ ಹಳೆಯವು, ಮತ್ತು ಅವಕ್ಕೂ ಮುಂಚಿನ ಚೀಲ, ಟೋಪಿ, ಲಂಗಗಳು ಬಹಳಷ್ಟು ಉಣ್ಣೆಯ ದಪ್ಪ ಬಟ್ಟೆಯವು. ಅದಕ್ಕೆ ಇಲ್ಲಿ ‘ಸ್ಟ್ರೌಡ್’ ಅಂತಲೇ ಹೆಸರು, ಯಾಕೆಂದರೆ ಅದು ಬರುತ್ತಿದ್ದದ್ದು ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಕಣಿವೆಯಿಂದ. ಅಲ್ಲಿಯ ಕೆಂಪು ಬಣ್ಣಕ್ಕೆ ದೊಡ್ಡ ಹೆಸರು. ತುಪ್ಪಳದ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ ಬೀವರಿನ ಚರ್ಮ ಕೊಟ್ಟ ಮೂಲನಿವಾಸಿಗಳಿಗೆ ಬದಲಿಗೆ ಸಿಗುತ್ತಿದ್ದ ಸಾಮಾನುಗಳಲ್ಲಿ ಈ ಕೆಂಪು, ನೀಲಿ ಬಟ್ಟೆಯೂ ಒಂದು. ಬ್ರಿಟಿಷ್ ಸಿಪಾಯಿಗಳ ಕೆಂಪು ಕೋಟಿಗೂ ಬಟ್ಟೆ ಹೋಗುತ್ತಿದ್ದದ್ದು ಇದೇ ಕಣಿವೆಯಿಂದ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಹತ್ತಿದ ಕೆಂಪು ಕೋಟಿನವರನ್ನು ನಾವೇನೂ ಮರೆತಿಲ್ಲವಲ್ಲ. ಇಂಥ ಬಟ್ಟೆಗೆ ನಮ್ಮಲ್ಲಿ ‘ಸಕಲಾತಿ’ ಎಂಬ ಹಳೆಯ ಪದವಿದೆ. ಪಾರಸಿಯಿಂದ ಬಂದ ಪದ, ಇಂಗ್ಲಿಷಿನ ‘ಸ್ಕಾರ್ಲೆಟ್’ಗೂ ಅದಕ್ಕೂ ನೆಂಟಸ್ತಿಕೆ ಇದೆ.

ಸಕಲಾತಿಯ ಗುಣವೇ ಬೇರೆ. ನಮ್ಮ ಕುರುಬರ ಕಂಬಳಿಯಲ್ಲಿ ಎಳೆ ಎಣಿಸಬಹುದು, ಇದರಲ್ಲಿ ಆಗೋದಿಲ್ಲ. ನೇಯ್ದ ಮೇಲೆ ನೀರಲ್ಲಿ ನೆನೆಸಿ, ಹೊಳೆಯ ನೀರಿನ ಬಲದಿಂದ ಎದ್ದು ಬೀಳುವ ದೊಡ್ಡ ಮರದ ಸುತ್ತಿಗೆಗಳ ಕೆಳಗಿಟ್ಟು ಬಡಿಯುತ್ತಿದ್ದರು. ಬಡಿದಷ್ಟೂ ಬಟ್ಟೆ ಕುಗ್ಗಿ, ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ದಪ್ಪಗಾಗುತ್ತದೆ. ಕತ್ತರಿಸಿದರೆ ಅಂಚಿನ ಎಳೆ ಸುಲಭಕ್ಕೆ ಬಿಚ್ಚಿಕೊಳ್ಳೋದಿಲ್ಲ, ಮಡಿಚಿ ಹೊಲಿಯುವ ಕೆಲಸ ಇಲ್ಲ. ಸೂಜಿ ಸಲೀಸಾಗಿ ಇಳಿಯುತ್ತದೆ, ಇಳಿದ ದಾರ ಗಟ್ಟಿಯಾಗಿ ನಿಲ್ಲುತ್ತದೆ. ಮಣಿಯ ಭಾರ ಹೊರಲಿಕ್ಕೆ ಇದಕ್ಕಿಂತ ಒಳ್ಳೆಯ ಬಟ್ಟೆ ಸಿಕ್ಕೋದು ಕಷ್ಟ.

ಮಣಿ ಬರುತ್ತಿದ್ದದ್ದು ಇನ್ನೂ ದೂರದಿಂದ: ವೆನಿಸ್ಸಿನಿಂದ ಮತ್ತು ಬೊಹೀಮಿಯಾದಿಂದ. ವೆನಿಸ್ಸಿನಲ್ಲಿ ಕರಗಿದ ಗಾಜಿನ ಮುದ್ದೆಯೊಳಗೆ ಗಾಳಿಯ ಗುಳ್ಳೆ ಇಟ್ಟು, ಇಬ್ಬರು ಆಳುಗಳು ಎರಡು ತುದಿ ಹಿಡಿದು ಎದುರುಬದುರು ದಿಕ್ಕಿಗೆ ಓಡುತ್ತಿದ್ದರು. ಗಾಜು ಎಳೆದಂತೆ ಸಪೂರ ಕೊಳವೆ ಆಗುತ್ತದೆ. ಅದನ್ನು ಚೂರು ಚೂರಾಗಿ ಕತ್ತರಿಸಿ, ಮತ್ತೆ ಬಿಸಿಮಾಡಿ ಉರುಳಿಸಿದರೆ ಚೂಪು ಮೂಲೆ ಹೋಗಿ ಸಾಸಿವೆಯಂಥ ಮಣಿ. ಆ ಮಣಿಗಳನ್ನು ಮಾರಾಟಕ್ಕೆ ಸರ ಮಾಡುತ್ತಿದ್ದವರು ಅಲ್ಲಿನ ಬಡ ಹೆಂಗಸರು, ‘ಇಂಪಿರಾರೆಸ್ಸೆ’ ಅಂತ ಅವರಿಗೆ ಹೆಸರು. ಮನೆಯ ಬಾಗಿಲಲ್ಲಿ ಕೂತು, ಬೀಸಣಿಗೆಯ ಹಾಗೆ ಹಿಡಿದ ಹತ್ತಾರು ಉದ್ದ ಸೂಜಿಗಳನ್ನು ಮಣಿಯ ತಟ್ಟೆಯಲ್ಲಿ ಆಡಿಸಿ ಸರ ತುಂಬುವ ಕೆಲಸ. ಎಷ್ಟು ಸರವೋ ಅಷ್ಟು ಕೂಲಿ. ಅಂದರೆ ನಯಾಗರಾದ ಒಂದು ದಿಂಬು ತಯಾರಾಗುವ ಹೊತ್ತಿಗೆ ಮೂರು ದೇಶದ ಕೂಲಿಯವರ ಕೈ ಅದರ ಮೇಲೆ ಆಡಿರುತ್ತಿತ್ತು.

ಗಾಜಿನ ಮಣಿ ಕೊಟ್ಟು ಮೂಲನಿವಾಸಿಗಳನ್ನು ಯಾಮಾರಿಸಿದರು ಅಂತ ಒಂದು ಮಾತು ಬಹಳ ಚಾಲ್ತಿಯಲ್ಲಿದೆ. ವ್ಯಾಪಾರದಲ್ಲಿ ಮೋಸ ಇರಲಿಲ್ಲ ಅಂತ ನಾನು ಹೇಳೋದಿಲ್ಲ. ಆದರೆ ಮಣಿ ಅವರಿಗೆ ಹೊಸದಲ್ಲ. ಸಮುದ್ರದ ಚಿಪ್ಪನ್ನು ತೇಯ್ದು ಮಾಡಿದ ಬಿಳಿ ಮತ್ತು ನೇರಳೆ ಮಣಿಯ ಪಟ್ಟಿಗಳು, ‘ವಾಂಪಂ’, ಅವರಿಗೆ ಒಪ್ಪಂದದ ದಾಖಲೆ, ಸಭೆಯ ನೆನಪು. ಮುಳ್ಳುಹಂದಿಯ ಮುಳ್ಳಿಗೆ ಬಣ್ಣ ಹಾಕಿ ಚರ್ಮದ ಮೇಲೆ ಕಸೂತಿ ಮಾಡುವ ವಿದ್ಯೆಯೂ ಹಳೆಯದು. ಗಾಜಿನ ಮಣಿ ಮತ್ತು ಸಕಲಾತಿ ಕೈಗೆ ಬಂದಾಗ ಅವರು ಹಳೆಯ ವಿದ್ಯೆಗೆ ಹೊಸ ಸಾಮಾನು ಬಳಸಿದರು, ಅಷ್ಟೇ. ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಸಾಲಾಗಿ ಬರುವ ಕಮಾನುಗಳು, ಅದರ ಮೇಲೆ ಎರಡು ಕಡೆಗೆ ಸುರುಳಿಯಾಗಿ ಬಾಗುವ ಬಳ್ಳಿ: ಅದು ಆಕಾಶದ ಗುಮ್ಮಟ, ಅದರ ಮೇಲೆ ಬೆಳೆದ ಮರ ಅಂತ ಅರ್ಥ ಹೇಳುತ್ತಾರೆ.

ಅಂಚಿನ ಹೊಲಿಗೆ ಹೀಗೆ. ಬಟ್ಟೆಯ ತುದಿಯಲ್ಲಿ ಸೂಜಿ ಹೊರಗೆ ತೆಗೆದು ಮೂರು ಮಣಿ ಪೋಣಿಸಬೇಕು. ಒಂದು ಮಣಿಯಷ್ಟು ಜಾಗ ಬಿಟ್ಟು ಸೂಜಿಯನ್ನು ಮತ್ತೆ ಬಟ್ಟೆಯೊಳಗೆ ಇಳಿಸಿ, ಮೂರನೆಯ ಮಣಿಯೊಳಗಿಂದ ಮೇಲಕ್ಕೆ ಎಳೆಯಬೇಕು. ಆಮೇಲೆ ಪ್ರತಿ ಸಲ ಎರಡೇ ಮಣಿ. ಹೀಗೆ ಹೋದರೆ ಒಂದು ಮಣಿ ಬಟ್ಟೆಗೆ ಅಂಟಿಕೊಂಡು, ಪಕ್ಕದ್ದು ಮೇಲೆ ಎದ್ದು, ಹಲ್ಲಿನ ಸಾಲಿನ ಹಾಗೆ ಅಂಚು ಬರುತ್ತದೆ. ದಾರ ತೀರಾ ಬಿಗಿ ಎಳೆದರೆ ಬಟ್ಟೆ ಮುದುಡುತ್ತದೆ, ಸಡಿಲ ಬಿಟ್ಟರೆ ಮಣಿ ಜೋತಾಡುತ್ತದೆ. ಓದಲಿಕ್ಕೆ ಎರಡು ನಿಮಿಷದ ಕೆಲಸ, ಆದರೆ ಒಂದು ಗೇಣು ಅಂಚು ತುಂಬಲಿಕ್ಕೆ ಸಂಜೆಯೇ ಕಳೆಯುತ್ತದೆ.

ಹೋದ ವರ್ಷ ನಮ್ಮವ್ವ ಗದಗಿಂದ ಬಂದಿದ್ದಳು. ನಯಾಗರಾ ಕಡೆಯ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಇಂಥ ಒಂದು ದಿಂಬು ಕಂಡಿತು. ನಾನು ಮೇಲಿನ ಹೂವು ತೋರಿಸುತ್ತಿದ್ದರೆ, ಜೀವಮಾನವಿಡೀ ಕೌದಿ ಹೊಲಿದ ಅವ್ವ ಅದನ್ನು ತಿರುಗಿಸಿ ಹಿಂಭಾಗ ನೋಡಿದಳು, ಆಮೇಲೆ ಅಂಚಿಗೆ ಉಗುರು ಹಾಕಿ ನೋಡಿದಳು. “ಹೂವ ಬಿಡಪಾ, ಇಲ್ಲಿ ಅಂಚ ನೋಡು. ಇದು ಬರೇ ಚಂದಕ್ಕ ಹಾಕಿದ್ದಲ್ಲ. ಮ್ಯಾಲಿನ ಅರಿವಿ, ಕೆಳಗಿನ ಅರಿವಿ ಎರಡೂ ಕೂಡಿ ಹಿಡದೈತಿ ನೋಡು” ಅಂದಳು. ಆಮೇಲೆ ನಾನು ಓದಿದ್ದೂ ಅದನ್ನೇ. ಮೇಲಿನ ಉಣ್ಣೆ ಅಥವಾ ಮಖಮಲ್ಲು, ಕೆಳಗಿನ ಅಗ್ಗದ ಹತ್ತಿಬಟ್ಟೆ, ನಡುವೆ ಮರದ ಹೊಟ್ಟು. ಕೂಡಿಸಿದ ಜಾಗವನ್ನು ಮುಚ್ಚುವುದೂ, ಬಲಪಡಿಸುವುದೂ ಈ ಮಣಿಯ ಸಾಲೇ. ಬೆಲೆ ಕೇಳಿ ಇಬ್ಬರೂ ಮುಖ ನೋಡಿಕೊಂಡು ಅದನ್ನು ಇದ್ದಲ್ಲೇ ಇಟ್ಟು ಬಂದೆವು ಅನ್ನಿ.

ಈ ಟಸ್ಕರೋರರು ನಯಾಗರಾದ ಮೂಲದವರೂ ಅಲ್ಲ. ಅವರ ಊರು ದಕ್ಷಿಣದ ನಾರ್ತ್ ಕೆರೊಲಿನಾ. 1711ರಿಂದ 1713ರವರೆಗೆ ನಡೆದ ಯುದ್ಧದಲ್ಲಿ ಬಿಳಿಯ ವಲಸಿಗರಿಗೆ ನೆಲ ಕಳೆದುಕೊಂಡು, ಹಲವರು ಗುಲಾಮರಾಗಿ ಮಾರಾಟವಾಗಿ, ಉಳಿದವರಲ್ಲಿ ಬಹಳ ಜನ ಉತ್ತರಕ್ಕೆ ನಡೆದು ಬಂದರು. ಹೋಡೆನೊಶೋನಿ, ಅಂದರೆ ಉದ್ದಮನೆಯ ಜನ ಎಂದು ಕರೆದುಕೊಳ್ಳುತ್ತಿದ್ದ ಐದು ಜನಾಂಗಗಳ ಒಕ್ಕೂಟ ಇವರನ್ನು ಆರನೆಯವರಾಗಿ ಸೇರಿಸಿಕೊಂಡಿತು. ಕೊನೆಗೆ ನಯಾಗರಾದ ಹತ್ತಿರ ಲೂಯಿಸ್ಟನ್ ಬಳಿ ನೆಲೆ ಸಿಕ್ಕಿತು. 1825ರಲ್ಲಿ ಈರಿ ಕಾಲುವೆ ತೆರೆದ ಮೇಲೆ, ಆಮೇಲೆ ರೈಲು ಬಂದ ಮೇಲೆ, ಜಲಪಾತಕ್ಕೆ ಪ್ರವಾಸಿಗಳ ಜಾತ್ರೆ. 1812ರ ಯುದ್ಧದಲ್ಲಿ ಮಾಡಿದ ಸಹಾಯಕ್ಕೆ ಬದಲಾಗಿ, ಅಲ್ಲಿಯ ನೆಲದ ಒಡೆಯರಾಗಿದ್ದ ಪೋರ್ಟರ್ ಮನೆತನದವರು ಟಸ್ಕರೋರ ಹೆಂಗಸರಿಗೆ ಜಲಪಾತದ ಹತ್ತಿರ ಕೂತು ಮಾರುವ ಹಕ್ಕು ಕೊಟ್ಟರು ಅಂತ ಆ ಜನಾಂಗದಲ್ಲಿ ಹೇಳಿಕೊಂಡು ಬಂದಿದ್ದಾರೆ. ಬೇಟೆಗೆ ಕಾಡಿಲ್ಲ, ನೆಲ ಕರಗುತ್ತಾ ಬಂತು. ಆ ಹೊತ್ತಿಗೆ ನಗದು ಕಾಸು ತಂದದ್ದು ಹೆಂಗಸರ ಸೂಜಿ. ಇಡೀ ಚಳಿಗಾಲ ಹೊಲಿದು ಬೇಸಿಗೆಯಲ್ಲಿ ಮಾರಾಟ.

ಈ ಹೆಂಗಸರಲ್ಲಿ ಹೆಸರು ಉಳಿದವರು ಬೆರಳೆಣಿಕೆಯಷ್ಟು. ಒಬ್ಬಳು ಕ್ಯಾರೊಲಿನ್ ಪಾರ್ಕರ್, ಸೆನೆಕ ಜನಾಂಗದವಳು. ಲೂಯಿಸ್ ಹೆನ್ರಿ ಮಾರ್ಗನ್ ಎಂಬ ವಕೀಲ 1849-50ರ ಹೊತ್ತಿಗೆ ನ್ಯೂಯಾರ್ಕ್ ರಾಜ್ಯದ ಸಂಗ್ರಹಕ್ಕಾಗಿ ಸೆನೆಕರ ವಸ್ತುಗಳನ್ನು ಕೂಡಿಹಾಕುವಾಗ, ಬಟ್ಟೆಬರೆ ಮಾಡಿಕೊಟ್ಟವರಲ್ಲಿ ಇವಳು ಮುಖ್ಯಳು. ನೀಲಿ ಸಕಲಾತಿಯ ಲಂಗ, ಅದರ ಕೆಳ ಅಂಚಿಗೆ ಸುತ್ತಲೂ ಮಣಿಯ ಕೆಲಸ, ಒಂದು ಮೂಲೆಯಲ್ಲಿ ಎತ್ತರಕ್ಕೆ ಬೆಳೆದ ಗಿಡ. 1851ರಲ್ಲಿ ಬಂದ ಮಾರ್ಗನ್ನನ ಪುಸ್ತಕದಲ್ಲಿ ಅವಳ ಚಿತ್ರವೂ ಇದೆ. ಅವಳ ಅಣ್ಣ-ತಮ್ಮಂದಿರಲ್ಲಿ ಒಬ್ಬ ಇಲೈ ಪಾರ್ಕರ್, 1865ರಲ್ಲಿ ಅಮೆರಿಕದ ಅಂತರ್ಯುದ್ಧದ ಶರಣಾಗತಿ ಪತ್ರವನ್ನು ತನ್ನ ಕೈಯಲ್ಲಿ ಬರೆದವನು. ಕ್ಯಾರೊಲಿನ್ ಮುಂದೆ ಟಸ್ಕರೋರ ಮುಖಂಡನನ್ನು ಮದುವೆಯಾಗಿ ನಯಾಗರಾದ ಹತ್ತಿರವೇ ಬಂದು ನೆಲೆಸಿದಳು. ಮಾರ್ಗನ್ ಕೂಡಿಸಿದ್ದರಲ್ಲಿ ಬಹುಪಾಲು 1911ರಲ್ಲಿ ಆಲ್ಬನಿಯ ರಾಜ್ಯ ಕಟ್ಟಡಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಯಿತು.

ಇನ್ನು ಗಡಿಯ ಈ ಕಡೆ, ಮಾಂಟ್ರಿಯಲ್ ಪಕ್ಕದ ಕಾನವಾಕೆಯ ಮೊಹಾಕರು. ನಾನು ಹ್ಯಾಮಿಲ್ಟನ್ ಕಡೆ ಕಟ್ಟಡದ ಉಕ್ಕಿನ ಕೆಲಸದಲ್ಲಿರುವವನು. ನಮ್ಮ ಕಸುಬಿನಲ್ಲಿ ಮೊಹಾಕರ ಹೆಸರು ಕೇಳದವರಿಲ್ಲ. ಅವರ ಮನೆಯ ಹೆಂಗಸರ ಮಣಿಯ ವಿಚಾರ ಮಾತ್ರ ನನಗೆ ಗೊತ್ತಾದದ್ದು ಬಹಳ ತಡವಾಗಿ. 1886ರಲ್ಲಿ ಅವರ ನೆಲದ ಮೇಲೆ ರೈಲು ಸೇತುವೆ ಕಟ್ಟಿದಾಗ ಗಂಡಸರು ಆ ಕೆಲಸ ಕಲಿತು, ಎತ್ತರದ ಉಕ್ಕಿನ ಮೇಲೆ ನಡೆಯುವವರು ಅಂತ ಹೆಸರಾದರು. 1907ರ ಆಗಸ್ಟ್ 29ರಂದು ಕಟ್ಟುತ್ತಿದ್ದ ಕ್ವಿಬೆಕ್ ಸೇತುವೆ ಕುಸಿಯಿತು. ಸತ್ತವರು 75 ಮಂದಿ, ಅವರಲ್ಲಿ 33 ಮಂದಿ ಇದೊಂದೇ ಊರಿನವರು. ಅಲ್ಲಿಯ ಸ್ಮಶಾನದಲ್ಲಿ ಉಕ್ಕಿನ ತೊಲೆಯಿಂದಲೇ ಮಾಡಿದ ಶಿಲುಬೆಗಳಿವೆ. ಇನ್ನು ಮೇಲೆ ಗಂಡಸರೆಲ್ಲ ಒಂದೇ ಕೆಲಸಕ್ಕೆ ಹೋಗಕೂಡದು, ಬೇರೆ ಬೇರೆ ಕಡೆ ಚದುರಿ ಹೋಗಬೇಕು ಅಂತ ಹೆಂಗಸರು ಹಟ ಹಿಡಿದರು ಎಂಬ ಮಾತು ಆ ಊರಲ್ಲಿ ಈಗಲೂ ಇದೆ. ಆ ಮೇಲೆ ನ್ಯೂಯಾರ್ಕು, ಫಿಲಡೆಲ್ಫಿಯಾ ಅಂತ ಗಂಡಸರು ದೂರ ದೂರ ಹೋದರು. ಮನೆಯ ಹೆಂಗಸರ ಮಣಿಯ ಕೆಲಸ ಇದಕ್ಕೆಲ್ಲ ಮುಂಚಿನಿಂದ ನಡೆದಿತ್ತು, ಆಮೇಲೂ ನಡೆಯಿತು. ಮಾಂಟ್ರಿಯಲ್ಲಿನ ಬೀದಿಯಲ್ಲಿ, ಅಮೆರಿಕದ ಸಂತೆ-ಮೇಳಗಳಲ್ಲಿ ಅವರ ದಿಂಬುಗಳು ಮಾರಾಟವಾಗುತ್ತಿದ್ದವು. ವಾರದ ಪಗಾರ ಬರುವ ಮನೆಗೂ, ಪಗಾರ ತರುವವನು ಸೇತುವೆಯಿಂದ ಬಿದ್ದ ಮನೆಗೂ ಸೂಜಿಯ ಕಾಸು ಬೇಕಾಗಿತ್ತು. ಮನೆಗೆ ದುಡ್ಡು ಕಳಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನಡುವೆ ಗಡಿ ಇತ್ತಲ್ಲ. 1794ರಲ್ಲಿ ಬ್ರಿಟನ್ ಮತ್ತು ಅಮೆರಿಕ ಮಾಡಿಕೊಂಡ ಜೇ ಒಪ್ಪಂದದಲ್ಲಿ ಮೂಲನಿವಾಸಿಗಳು ಗಡಿಯನ್ನು ಸ್ವತಂತ್ರವಾಗಿ ದಾಟಬಹುದು, ತಮ್ಮ ಸ್ವಂತ ಸಾಮಾನಿಗೆ ಸುಂಕ ಕೊಡಬೇಕಿಲ್ಲ ಎಂದಿತ್ತು. ಅದರಲ್ಲೂ ಒಂದು ಕೊಕ್ಕೆ: ಅವರಲ್ಲಿ ರೂಢಿಯಿಲ್ಲದ ದೊಡ್ಡ ಗಂಟುಮೂಟೆಗೆ ಈ ರಿಯಾಯಿತಿ ಇಲ್ಲ. ಮಾರುವ ಸಾಮಾನು ಗಂಟು ಕಟ್ಟದೆ ಒಯ್ಯೋದು ಹೇಗೋ ಅದನ್ನು ಬರೆದವರೇ ಹೇಳಬೇಕು. ಮುಂದೆ ಅಮೆರಿಕದಲ್ಲಿ 1924ರ ವಲಸೆ ಕಾನೂನು ಬಂದಿತು. ಫಿಲಡೆಲ್ಫಿಯಾದ ಸೇತುವೆಯ ಕೆಲಸದಲ್ಲಿದ್ದ ಕಾನವಾಕೆಯ ಪಾಲ್ ಡಯಾಬೊ ಎಂಬವನನ್ನು ಕಾಗದಪತ್ರವಿಲ್ಲದ ಪರದೇಶಿ ಅಂತ ಹಿಡಿದರು. ಅವನು ಕೋರ್ಟಿಗೆ ಹೋದ. 1927ರಲ್ಲಿ ಫೆಡರಲ್ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಟ್ಟಿತು. ಗಡಿ ಎಳೆದವರು ಬೇರೆಯವರು, ಇವರ ಹಕ್ಕು ಅದರಿಂದ ಹೋಗೋದಿಲ್ಲ ಅನ್ನೋದು ಅದರ ಸಾರ. ವರ್ಕ್ ಪರ್ಮಿಟ್ಟಿನ ತಾರೀಖು ಎಣಿಸುವ ನಾನು ಆ ಪ್ರಕರಣವನ್ನು ಒಂದೇ ರಾತ್ರಿ ಕೂತು ಓದಿದೆ.

ಇಷ್ಟಾದರೂ ಬಹಳ ಕಾಲ ಈ ದಿಂಬುಗಳಿಗೆ ಮರ್ಯಾದೆ ಇರಲಿಲ್ಲ. ವಿದ್ವಾಂಸರಿಗೆ ಹಳೆಯ ಚರ್ಮದ ಅಂಗಿ, ಮುಳ್ಳಿನ ಕಸೂತಿ ‘ಅಸಲಿ’. ಪ್ರವಾಸಿಗಳಿಗೆ ಮಾರಲಿಕ್ಕೆ ಮಾಡಿದ್ದು ಬೆರಕೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಹೊಟ್ಟೆಪಾಡಿಗೆ ಮಾಡಿದ ಕೆಲಸದಲ್ಲಿ ಕಲೆ ಇರೋದಿಲ್ಲ ಅಂದರೆ ಇಳಕಲ್ ಸೀರೆಯೂ ಕಲೆ ಅಲ್ಲ, ಚನ್ನಪಟ್ಟಣದ ಗೊಂಬೆಯೂ ಅಲ್ಲ. ಅಭಿಪ್ರಾಯ ನಿಧಾನಕ್ಕೆ ಬದಲಾಯಿತು. 1999ರಲ್ಲಿ ಮಾಂಟ್ರಿಯಲ್ಲಿನ ಮೆಕಾರ್ಡ್ ಮ್ಯೂಸಿಯಂ ಮತ್ತು ನಯಾಗರಾ ವಿಶ್ವವಿದ್ಯಾಲಯದ ಕ್ಯಾಸ್ಟೆಲಾನಿ ಮ್ಯೂಸಿಯಂ ಸೇರಿ ಈ ಮಣಿಕೆಲಸದ ದೊಡ್ಡ ಪ್ರದರ್ಶನ ಮಾಡಿದವು. ಟಸ್ಕರೋರ ಮತ್ತು ಕಾನವಾಕೆಯ ಸಮುದಾಯದವರೂ ಅದರಲ್ಲಿ ಪಾಲುದಾರರು. ಎರಡೂ ಕಡೆ ಇವತ್ತಿಗೂ ಹೊಲಿಯುವವರು, ಕಲಿಸುವವರು ಇದ್ದಾರೆ.

ಹಳೆಯ ದಿಂಬು ಕೈಗೆ ಸಿಕ್ಕರೆ ಅಂಚಿನ ಮಣಿ ಎಲ್ಲಿ ಉದುರಿದೆ ನೋಡಿ. ಅಲ್ಲಿ ಎರಡು ಬಟ್ಟೆ ಬಾಯಿ ಬಿಟ್ಟುಕೊಂಡು ಒಳಗಿನ ಹೊಟ್ಟು ಕಾಣುತ್ತದೆ. ಹೂವಿನ ಮಣಿಯ ಅಡಿಯಲ್ಲಿ ಆಕಾರಕ್ಕೆ ಕತ್ತರಿಸಿದ ಕಾಗದ ಇರುತ್ತದೆ, ಕೆಲವು ಸಲ ಹಳೇ ಪೇಪರಿನ ಚೂರು. ಅದರಲ್ಲಿ ಅಚ್ಚಾದ ಸುದ್ದಿ ಓದಲಿಕ್ಕಾದರೆ ಹೊಲಿದ ಕಾಲ ಹೆಚ್ಚುಕಡಿಮೆ ಗೊತ್ತಾಗುತ್ತದೆ.