ಹೂವಿನಂಗಿಯ ಹಿಂದಿನ ಕೈಗಳು

ಎದೆಯ ತುಂಬ ದಾಸವಾಳ, ತೆಂಗಿನ ಮರ, ಮೀನು; ತುಂಡು ತೋಳು, ಮುಂದೆ ಗುಂಡಿ. ಇನ್‌ಶರ್ಟ್ ಮಾಡುವಂತಿಲ್ಲ, ಹೊರಗೇ ಬಿಡಬೇಕು. ಇದು ಹವಾಯಿಯ 'ಅಲೋಹಾ ಶರ್ಟ್'. ಪ್ರವಾಸಿಗರು ಅದನ್ನು ಆ ದ್ವೀಪದ ಮೂಲನಿವಾಸಿಗಳ ಉಡುಪೆಂದೇ ನಂಬಿ ಕೊಳ್ಳುವುದುಂಟು. ಆದರೆ ಹಿಂದೆ ಹವಾಯಿಯ ಜನ ಉಡುತ್ತಿದ್ದುದು ಮರದ ತೊಗಟೆಯನ್ನು ಬಡಿದು ತಯಾರಿಸಿದ 'ಕಪ' ಎಂಬ ಬಟ್ಟೆಯನ್ನು. ಗುಂಡಿ, ಕಾಲರುಗಳೆಲ್ಲ ಹೊರಗಿನಿಂದ ಬಂದವು.

ಹೂವಿನಂಗಿಯ ಬೇರು ಇರುವುದು ಕಬ್ಬಿನ ತೋಟಗಳಲ್ಲಿ. 19ನೆಯ ಶತಮಾನದ ನಡುಭಾಗದಿಂದ ತೋಟದ ಮಾಲೀಕರು ಚೀನಾ, ಜಪಾನ್, ಪೋರ್ಚುಗಲ್, ಆಮೇಲೆ ಫಿಲಿಪ್ಪೀನ್ಸ್‌ಗಳಿಂದ ಕೂಲಿಗಳನ್ನು ಕರೆತಂದರು. ಹೊಲದಲ್ಲಿ ಅವರು ತೊಡುತ್ತಿದ್ದುದು 'ಪಲಕ' ಎಂಬ ಒರಟು ಚೌಕಳಿ ಅಂಗಿ. ಅಂಗಿಯನ್ನು ಹೊರಗೆ ಬಿಡುವ ರೂಢಿ ಫಿಲಿಪ್ಪೀನ್ಸಿನವರಲ್ಲಿ ಮೊದಲೇ ಇತ್ತು. ಜಪಾನಿನಿಂದ ಬರುತ್ತಿದ್ದ ಚಿತ್ತಾರದ ಕಿಮೊನೊ ಬಟ್ಟೆಯಲ್ಲಿ ಹೊನೊಲುಲುವಿನ ದರ್ಜಿಗಳು ಅಂಗಿ ಹೊಲಿಯತೊಡಗಿದರು.

1935ರಲ್ಲಿ ಮುಸಾಶಿಯಾ ಎಂಬ ಜಪಾನಿ ಅಂಗಡಿ ಪತ್ರಿಕೆಯಲ್ಲಿ 'ಅಲೋಹಾ ಶರ್ಟ್' ಎಂದು ಜಾಹೀರಾತು ಕೊಟ್ಟಿತು. ಒಂದೆರಡು ವರ್ಷಗಳಲ್ಲೇ ಚೀನೀ ಮೂಲದ ವ್ಯಾಪಾರಿ ಎಲ್ಲರಿ ಚುನ್ ಆ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿಕೊಂಡರು. ಅಂಗಿಯ ಜನಕನೆಂಬ ಕೀರ್ತಿಯೂ ಬಹುಕಾಲ ಅವರದೇ ಆಯಿತು. ಹೊಲಿದವನಿಗಿಂತ ನೋಂದಾಯಿಸಿದವನೇ ಮೊದಲಿಗನಾಗುವುದು ವ್ಯಾಪಾರದಲ್ಲಿ ಹೊಸತೇನಲ್ಲ.

ಆದರೆ ಆಗಿನ್ನೂ ಬಟ್ಟೆಯ ಮೇಲೆ ಹೆಚ್ಚಾಗಿ ಇದ್ದದ್ದು ಜಪಾನಿನ ಬಿದಿರು, ಚೆರ್ರಿ ಹೂಗಳು. ಅಲ್ಲಿಗೆ ಹವಾಯಿಯ ಹೂವು ಬಂದ ಕಥೆಯಲ್ಲಿ ಒಬ್ಬ ಭಾರತೀಯರೂ ಇದ್ದಾರೆ. ಸಿಂಧ್‌ನ ಹೈದರಾಬಾದಿನವರಾದ ಗೋವಿಂದರಾಮ್ ವಾಟುಮಲ್ ಹೊನೊಲುಲುವಿನಲ್ಲಿ 'ಈಸ್ಟ್ ಇಂಡಿಯಾ ಸ್ಟೋರ್' ನಡೆಸುತ್ತಿದ್ದರು. 1936ರಲ್ಲಿ ಆ ಅಂಗಡಿ ಅವರ ಪತ್ನಿಯ ಸಹೋದರಿ ಎಲ್ಸಿ ದಾಸ್ ಅವರಿಂದ ದ್ವೀಪದ ಹೂವುಗಳ ವಿನ್ಯಾಸಗಳನ್ನು ಬರೆಸಿತು. ಅವನ್ನು ಜಪಾನಿಗೆ ಕಳಿಸಿ ರೇಷ್ಮೆಯ ಮೇಲೆ ಅಚ್ಚು ಹಾಕಿಸಿ ತರಿಸಲಾಯಿತು. ಸಿಂಧಿ ವ್ಯಾಪಾರಿ, ಅಮೆರಿಕದ ಕಲಾವಿದೆ, ಜಪಾನಿ ಅಚ್ಚು: ಇವು ಸೇರಿದ ಮೇಲೆ ಅಂಗಿ 'ಹವಾಯಿಯದು' ಆಯಿತು! ಯುದ್ಧದಲ್ಲಿ ಜಪಾನಿನ ಬಟ್ಟೆ ನಿಂತುಹೋದಾಗ ಸ್ಥಳೀಯ ಚಿತ್ತಾರಗಳಿಗೆ ಇನ್ನಷ್ಟು ಎಡೆ ಸಿಕ್ಕಿತು.

ಕಚೇರಿಗೆ ಮಾತ್ರ ಅದಕ್ಕೆ ಸುಲಭವಾಗಿ ಪ್ರವೇಶ ಸಿಗಲಿಲ್ಲ. ಆ ಸೆಕೆಯಲ್ಲೂ ಕೋಟು, ಟೈ ಬೇಕಿತ್ತು. 1947ರಲ್ಲಿ ನಗರಾಡಳಿತದ ನೌಕರರಿಗೆ 'ಅಲೋಹಾ ವಾರ'ದ ಮಟ್ಟಿಗೆ ಅನುಮತಿ ದೊರೆಯಿತು. 1962ರಲ್ಲಿ ಉಡುಪು ತಯಾರಕರ ಸಂಘ ರಾಜ್ಯದ ಶಾಸಕರಿಗೆ ತಲಾ ಎರಡು ಅಂಗಿಗಳನ್ನು ಹಂಚಿತು. ಬೇಸಿಗೆಯಲ್ಲಿ ಅದನ್ನು ತೊಡಲು ಪ್ರೋತ್ಸಾಹಿಸುವ ನಿರ್ಣಯವೂ ಬಂತು. 1966ರಲ್ಲಿ 'ಅಲೋಹಾ ಶುಕ್ರವಾರ' ಶುರುವಾಯಿತು. ಗಾಢ ಬಣ್ಣಕ್ಕೆ ಮುಜುಗರಪಡುವ ಅಧಿಕಾರಿಗಳಿಗೂ ದಾರಿ ಸಿಕ್ಕಿತು: ಅಚ್ಚಿನ ಬಟ್ಟೆಯ ಒಳಮೈಯನ್ನು ಹೊರಗೆ ಮಾಡಿ, ಹೂವು ಮಸುಕಾಗಿ ಕಾಣುವಂತೆ ಹೊಲಿದ ಅಂಗಿಗಳು ಮಾರುಕಟ್ಟೆಗೆ ಬಂದವು.