ಸುದ್ದಿಯ ವೇಗಕ್ಕೆ ಐದರ ಮಿತಿ

ಭಾರತದಲ್ಲಿ ತಂತಿ ಸಂದೇಶದ ಸೇವೆಯು 2013ರ ಜುಲೈ ತಿಂಗಳಿನಲ್ಲಿ ಕೊನೆಗೊಂಡಿತು. ಒಂದೂವರೆ ಶತಮಾನಕ್ಕೂ ಮಿಗಿಲಾಗಿ ಜನರ ಸುಖದುಃಖಗಳನ್ನು ಹೊತ್ತು ತಂದ ಆ ವ್ಯವಸ್ಥೆಯಲ್ಲಿ ಪದಗಳನ್ನು ಎಣಿಸಿ ಹಣ ಪಡೆಯುವ ಪದ್ಧತಿಯಿತ್ತು. ಆದುದರಿಂದ ತಂತಿ ಕಳುಹಿಸುವವನು ನಮೂನೆಯಲ್ಲಿ ಬರೆದುದನ್ನು ಮತ್ತೊಮ್ಮೆ ಓದಿ, ಒಂದೆರಡು ಪದಗಳನ್ನು ಹೊಡೆದುಹಾಕಿ, ಬಳಿಕವೇ ಅದನ್ನು ಗುಮಾಸ್ತನ ಕೈಗೆ ಕೊಡುತ್ತಿದ್ದನು. ಹಣದ ಉಳಿತಾಯಕ್ಕಾಗಿ ನಡೆಯುತ್ತಿದ್ದ ಈ ಕೆಲಸದಲ್ಲಿ ವಿವೇಚನೆಗೂ ಒಂದಿಷ್ಟು ಬಿಡುವು ದೊರೆಯುತ್ತಿತ್ತು. 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ತೆರೆದುಕೊಂಡ ಅಂತರಜಾಲವು ಮುಂದಿನ ಎರಡು ದಶಕಗಳಲ್ಲಿ ಕೈಫೋನಿನೊಳಗೆ ಬಂದು ನೆಲೆಸಿದಾಗ, ಆ ಖರ್ಚು ಇಲ್ಲವಾಯಿತು. ಖರ್ಚಿನೊಡನೆ ಆ ಬಿಡುವೂ ಇಲ್ಲವಾಯಿತು.

ಇದರ ಪರಿಣಾಮವನ್ನು ಕರ್ನಾಟಕವು ಮೊದಲು ಕಣ್ಣಾರೆ ಕಂಡದ್ದು 2012ರಲ್ಲಿ. ಆ ವರ್ಷದ ಜುಲೈ ತಿಂಗಳಿನಲ್ಲಿ ಅಸ್ಸಾಮಿನ ಕೊಕ್ರಝಾರ್ ಪ್ರದೇಶದಲ್ಲಿ ಘರ್ಷಣೆಗಳು ನಡೆದು ಲಕ್ಷಾಂತರ ಜನರು ಮನೆಮಠಗಳನ್ನು ತೊರೆದಿದ್ದರು. ಅದಕ್ಕೆ ಪ್ರತೀಕಾರವಾಗಿ ರಂಜಾನ್ ಕಳೆಯುತ್ತಲೇ ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯುವುದೆಂಬ ವದಂತಿ ಫೋನಿನಿಂದ ಫೋನಿಗೆ ಹರಡಿತು. ಬೇರೆ ದೇಶದ, ಬೇರೆ ವರ್ಷದ ಚಿತ್ರಗಳು ಈ ಕಲಹದ ಸಾಕ್ಷ್ಯಗಳೆಂಬಂತೆ ಅಂತರಜಾಲದಲ್ಲಿ ಓಡಾಡಿದವು. 2010ರಲ್ಲಿ ಟಿಬೆಟಿಯನ್ ಪ್ರದೇಶದಲ್ಲಿ ಸಂಭವಿಸಿದ ಭೂಕಂಪದ ಶವಗಳ ಚಿತ್ರವೂ ಹತ್ಯಾಕಾಂಡದ ಚಿತ್ರವೆಂದು ಚಲಾವಣೆಗೊಂಡಿತು. ಆಗಸ್ಟ್ 15ರ ರಾತ್ರಿ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಸಾವಿರಾರು ಯುವಕ ಯುವತಿಯರು ಗಂಟುಮೂಟೆಗಳೊಡನೆ ನೆರೆದರು. ರೈಲ್ವೆ ಇಲಾಖೆ ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಅವರು ಅಭಯ ನೀಡಿದರೂ ಹೊರಟವರ ಕಾಲುಗಳು ನಿಲ್ಲಲಿಲ್ಲ. ಜನರು ಅಂಜಿದಂತಹ ಸಾಮೂಹಿಕ ದಾಳಿ ನಡೆಯಲೇ ಇಲ್ಲ. ಆದರೆ ಹೋಟೆಲುಗಳಲ್ಲಿ ದುಡಿಯುತ್ತಿದ್ದವರು, ಕಾವಲು ಕಾಯುತ್ತಿದ್ದವರು, ಓದುತ್ತಿದ್ದವರು ಕೆಲಸವನ್ನೂ ತರಗತಿಯನ್ನೂ ಬಿಟ್ಟು ಎರಡು ಮೂರು ದಿನಗಳ ಪ್ರಯಾಣಕ್ಕೆ ಹೊರಟದ್ದು ಮಾತ್ರ ನಿಜ. ಆಗಸ್ಟ್ 17ರಂದು ಕೇಂದ್ರ ಸರ್ಕಾರವು ಒಮ್ಮೆಗೆ ಐದಕ್ಕಿಂತ ಹೆಚ್ಚು ಮಂದಿಗೆ ಕಿರುಸಂದೇಶ ಕಳುಹಿಸುವುದನ್ನು ಹದಿನೈದು ದಿನಗಳ ಮಟ್ಟಿಗೆ ನಿಷೇಧಿಸಿತು. ಕೆಲವೇ ದಿನಗಳಲ್ಲಿ ಆ ಮಿತಿಯನ್ನು ಇಪ್ಪತ್ತಕ್ಕೆ ಏರಿಸಲಾಯಿತು.

ಮುಂದಿನ ಐದಾರು ವರ್ಷಗಳಲ್ಲಿ ಕಿರುಸಂದೇಶದ ಸ್ಥಾನವನ್ನು ವಾಟ್ಸ್ಆ್ಯಪ್ ಆಕ್ರಮಿಸಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದ ಬಳಿಕ ದರಗಳು ಕುಸಿದು, ಚಲಿಸುವ ಚಿತ್ರಗಳು ಹಳ್ಳಿಹಳ್ಳಿಯನ್ನೂ ತಲುಪಿದವು. ಮದುವೆಯ ಕರೆಯೋಲೆ, ಸಾವಿನ ಸುದ್ದಿ, ಬಸದಿಯ ವಾರ್ಷಿಕೋತ್ಸವದ ಪ್ರಕಟಣೆ ಇವೆಲ್ಲವೂ ಸಾಗುವ ದಾರಿ ಅದೇ ಆಯಿತು. ವದಂತಿಗೆ ಬೇರೆ ದಾರಿ ಬೇಕಾಗಲಿಲ್ಲ. ಬಂಧುಬಳಗದ ಗುಂಪಿನಲ್ಲಿ ಬಂದುದನ್ನು ಸಂಶಯಿಸುವುದು ಕಳುಹಿಸಿದ ಹಿರಿಯರನ್ನೇ ಸಂಶಯಿಸಿದಂತೆ ತೋರುತ್ತಿದ್ದುದರಿಂದ ಪ್ರಶ್ನಿಸುವವರೂ ವಿರಳವಾದರು.

ಹೀಗೆ ಹರಡಿದ ದೃಶ್ಯಗಳಲ್ಲಿ ಒಂದರ ಕತೆ ವಿಚಿತ್ರವಾದುದು. ಮಕ್ಕಳ ಸುರಕ್ಷತೆಯ ಬಗೆಗೆ ತಂದೆತಾಯಿಗಳನ್ನು ಎಚ್ಚರಿಸಲೆಂದು ಪಾಕಿಸ್ತಾನದ ಕರಾಚಿಯಲ್ಲಿ ಒಂದು ಸೇವಾಸಂಸ್ಥೆಗಾಗಿ ಕಿರುಚಿತ್ರವೊಂದನ್ನು ತಯಾರಿಸಲಾಗಿತ್ತು. ಬೈಕಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವೊಂದನ್ನು ಎತ್ತಿಕೊಂಡು ಹೋಗುತ್ತಾರೆ. ಮರುಕ್ಷಣವೇ ಹಿಂದಿರುಗಿ ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕವನ್ನು ತೋರುತ್ತಾರೆ. ಭಾರತದಲ್ಲಿ ಹರಿದಾಡಿದ ಪ್ರತಿಯಲ್ಲಿ ಈ ಕೊನೆಯ ಭಾಗವನ್ನು ಕತ್ತರಿಸಲಾಗಿತ್ತು. ಉಳಿದುದು ಅಪಹರಣ ಮಾತ್ರ. ಅದರೊಡನೆ, ಮಕ್ಕಳ ಕಳ್ಳರು ಊರಿಗೆ ಬಂದಿದ್ದಾರೆಂಬ ಒಕ್ಕಣೆ ಆಯಾ ಪ್ರಾಂತದ ಭಾಷೆಯಲ್ಲಿ ಸೇರಿಕೊಂಡಿತು.

2018ರ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಅರಸಿ ರಾಜಸ್ಥಾನದಿಂದ ಬಂದಿದ್ದ ತರುಣನೊಬ್ಬನನ್ನು ಮಕ್ಕಳ ಕಳ್ಳನೆಂದು ಬಗೆದು ಗುಂಪು ಹೊಡೆದು ಕೊಂದಿತು. ಜುಲೈ 1ರಂದು ಮಹಾರಾಷ್ಟ್ರದ ಧುಲೆ ಜಿಲ್ಲೆಯ ರೈನ್‌ಪಾಡಾದಲ್ಲಿ ಭಿಕ್ಷಾಟನೆಗೆ ಬಂದಿದ್ದ ಅಲೆಮಾರಿ ಸಮುದಾಯದ ಐವರು ಹತರಾದರು. ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿ ಗ್ರಾಮದ ಸರದಿ. ಹೈದರಾಬಾದಿನಿಂದ ಬಂದಿದ್ದ ಕೆಲವು ಸ್ನೇಹಿತರು ದಾರಿಯಲ್ಲಿ ಶಾಲಾಮಕ್ಕಳಿಗೆ ವಿದೇಶದಿಂದ ತಂದಿದ್ದ ಚಾಕೊಲೇಟುಗಳನ್ನು ಹಂಚಿದ್ದೇ ಅಪರಾಧವಾಯಿತು. ಒಂದು ಊರಿನ ಜನರು ಸುತ್ತುವರಿದಾಗ ಅವರು ಕಾರಿನಲ್ಲಿ ತಪ್ಪಿಸಿಕೊಂಡರು. ಆದರೆ ಅವರ ಕಾರಿಗಿಂತ ಮುಂಚೆ ಸಂದೇಶವು ಮುರ್ಕಿಯನ್ನು ಸೇರಿತ್ತು. ಅಲ್ಲಿ ರಸ್ತೆಗೆ ಅಡ್ಡಗಟ್ಟಿದ್ದರು, ಕಾರು ಉರುಳಿತು. ಮೂವತ್ತೆರಡು ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಬಂಧಿತರಲ್ಲಿ ಸಂದೇಶ ಹರಡಿದ ಗುಂಪಿನ ನಿರ್ವಾಹಕನೂ ಇದ್ದನು.

ಕೈಯೆತ್ತಿ ಹೊಡೆದವರನ್ನು ಕಾನೂನು ಗುರುತಿಸಬಲ್ಲದು. ಸಂದೇಶವನ್ನು ಮುಂದಕ್ಕೆ ಕಳುಹಿಸಿದ ಸಾವಿರಾರು ಮಂದಿಯ ಮಾತೇನು? ಅವರಲ್ಲಿ ಬಹುತೇಕರು ದುಷ್ಟರಲ್ಲ. ಮಕ್ಕಳ ಮೇಲಣ ಮಮತೆಯೇ ಅವರಿಂದ ಆ ಕೆಲಸ ಮಾಡಿಸಿತು, ನೆರೆಯವರ ಮಗುವೂ ಸುರಕ್ಷಿತವಾಗಿರಲೆಂಬ ಕಳಕಳಿಯೂ ಅದರಲ್ಲಿತ್ತು. ಈ ಇತಿಹಾಸದ ಕಷ್ಟವಾದ ಭಾಗ ಇದೇ. ಸುಳ್ಳನ್ನು ಸೃಷ್ಟಿಸಿದವನು ಎಲ್ಲಿಯೋ ಒಬ್ಬ. ಅದಕ್ಕೆ ಬಲ ಬಂದದ್ದು ಸಜ್ಜನರ ಆತುರದಿಂದ. ಮಾಡಿದವನು, ಮಾಡಿಸಿದವನು, ಒಪ್ಪಿದವನು ಎಂದು ಹೊಣೆಯನ್ನು ಮೂರು ಬಗೆಯಾಗಿ ವಿಚಾರಿಸುವ ಪರಂಪರೆಯಲ್ಲಿ ಬೆಳೆದವರಿಗೆ, ‘ನಾನು ಬರೆದದ್ದಲ್ಲ, ಬಂದದ್ದನ್ನು ಕಳುಹಿಸಿದೆನಷ್ಟೆ’ ಎಂಬ ಸಮಾಧಾನ ಸಾಲದು.

2018ರ ಜುಲೈ 17ರಂದು ಸರ್ವೋಚ್ಚ ನ್ಯಾಯಾಲಯವು ಗುಂಪು ಹತ್ಯೆಗಳನ್ನು ತಡೆಯಲು ಪ್ರತಿ ಜಿಲ್ಲೆಯಲ್ಲಿಯೂ ಒಬ್ಬ ಹಿರಿಯ ಪೊಲೀಸ್ ಅಧಿಕಾರಿಯನ್ನು ನೇಮಿಸುವಂತೆ ಆದೇಶಿಸಿತು. ಅದೇ ತಿಂಗಳು ವಾಟ್ಸ್ಆ್ಯಪ್ ಸಂಸ್ಥೆ, ಮುಂದಕ್ಕೆ ಕಳುಹಿಸಿದ ಸಂದೇಶಗಳಿಗೆ ಗುರುತುಪಟ್ಟಿ ಅಂಟಿಸತೊಡಗಿತಲ್ಲದೆ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳುಹಿಸುವ ಮಿತಿಯನ್ನು ವಿಧಿಸಿತು. ಆರು ವರ್ಷಗಳ ಹಿಂದೆ ಸರ್ಕಾರ ಹೇಳಿದ್ದ ಅದೇ ಐದು! ಆದರೆ ಆಗ ಒಂದು ಗುಂಪಿನಲ್ಲಿ 256 ಮಂದಿಗೆ ಅವಕಾಶವಿದ್ದುದರಿಂದ, ಐದು ಗುಂಪುಗಳಿಗೆ ಕಳುಹಿಸಿದರೂ ಸುಮಾರು 1,280 ಮಂದಿಗೆ ಮುಟ್ಟುವುದು ಸಾಧ್ಯವಿತ್ತು. 2019ರ ಜನವರಿಯಲ್ಲಿ ಈ ಮಿತಿಯನ್ನು ಜಗತ್ತಿಗೆಲ್ಲ ವಿಸ್ತರಿಸಲಾಯಿತು. 2020ರ ಏಪ್ರಿಲಿನಲ್ಲಿ, ಅನೇಕ ಕೈ ದಾಟಿ ಬಂದ ಸಂದೇಶಗಳಿಗೆ ಒಮ್ಮೆಗೆ ಒಂದೇ ಕಡೆ ಎಂಬ ಕಟ್ಟಳೆ ಬಂದಿತು. ಅಂತಹ ಸಂದೇಶಗಳ ಹರಿವು ಇದರಿಂದ ಶೇಕಡಾ 70ರಷ್ಟು ಇಳಿಯಿತೆಂದು ಸಂಸ್ಥೆ ಹೇಳಿಕೊಂಡಿತು. ಮನುಷ್ಯನು ತಾನಾಗಿ ಇಟ್ಟುಕೊಳ್ಳಬೇಕಾಗಿದ್ದ ಮಿತಿಯನ್ನು ಯಂತ್ರವು ಇರಿಸಿದಾಗ ಇಷ್ಟು ಫಲ ದೊರೆಯಿತೆಂಬುದು ಸಮಾಧಾನದ ವಿಷಯವೋ ನಾಚಿಕೆಯ ವಿಷಯವೋ ಹೇಳುವುದು ಕಷ್ಟ.

ವದಂತಿ ಮಾತ್ರ ಅಳಿಯಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಉತ್ತರ ಪ್ರದೇಶದ ನಾಲ್ವರು ಸಾಧುಗಳು ವಿಜಯಪುರದ ಕಡೆಯಿಂದ ಪಂಢರಪುರಕ್ಕೆ ಹೊರಟಿದ್ದರು. ಸಾಂಗ್ಲಿ ಜಿಲ್ಲೆಯ ಜತ್ ತಾಲ್ಲೂಕಿನ ಲವಂಗಾ ಗ್ರಾಮದಲ್ಲಿ ಅವರು ಹುಡುಗನೊಬ್ಬನನ್ನು ದಾರಿ ಕೇಳಿದರು. ಮಕ್ಕಳ ಕಳ್ಳರೆಂಬ ಕೂಗೆದ್ದು, ಕೋಲು ಬೆಲ್ಟುಗಳಿಂದ ಅವರನ್ನು ಥಳಿಸಲಾಯಿತು. ವಿಚಾರಣೆಯಲ್ಲಿ ಅವರ ನಿಜವಾದ ಗುರುತು ತಿಳಿದುಬಂದಿತು. ಸಾಧುಗಳು ದೂರು ಕೊಡಲು ಒಪ್ಪಲಿಲ್ಲ. ಪೊಲೀಸರೇ ಸ್ವತಃ ಮೊಕದ್ದಮೆ ದಾಖಲಿಸಿಕೊಂಡರು.