ಅರಸೀಕೆರೆಗೂ ಆಲ್ಪ್ಸ್‌ಗೂ ಎಷ್ಟು ದೂರ?

ಜುಲೈ ಬಂತೂಂದ್ರೆ ಅರಸೀಕೆರೆ ಕಡೆ ಮಾತೆಲ್ಲ ಮಳೆ, ರಾಗಿ ಬಿತ್ತನೆ, ಕೊಬ್ಬರಿ ರೇಟು. ಅದೇ ತಿಂಗಳು ಫ್ರಾನ್ಸಿನಲ್ಲಿ ಮೂರು ವಾರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ನಡೆಯುತ್ತೆ. ಅದನ್ನು ಇಲ್ಲಿ ಕೂತು ಹಿಂಬಾಲಿಸೋದು ಒಂಥರಾ ತಪಸ್ಸು. ಆಗ ನಮ್ಮ ಗಡಿಯಾರ ಅಲ್ಲಿಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಸಂಜೆ ಐದೂವರೆಗೆ ಓಟ ಮುಗಿದರೆ ಇಲ್ಲಿ ರಾತ್ರಿ ಒಂಬತ್ತು. ಆ ಹೊತ್ತಿಗೆ ರಿಮೋಟು ಧಾರಾವಾಹಿ ನೋಡುವವರ ಕೈಯಲ್ಲಿರುತ್ತೆ :) ಮರುದಿನ ಪೇಪರಿನಲ್ಲಿ ಕ್ರಿಕೆಟ್ ಸುದ್ದಿಯ ಕೆಳಗೆ ಎರಡು ಸಾಲು ಸಿಕ್ಕರೆ ಅದೇ ಪುಣ್ಯ.

ಫ್ರಾನ್ಸಿನವರಿಗೆ ಈ ಕಷ್ಟವಿಲ್ಲ ಅಂದ್ಕೋತೀವಿ. ಆದರೆ ಈ ರೇಸಿನ ಇತಿಹಾಸ ಓದಿದರೆ ಗೊತ್ತಾಗುತ್ತೆ, ಇದು ಹುಟ್ಟಿದ್ದೇ ನೋಡಲಾಗದವರಿಗೋಸ್ಕರ!

1903. ಪ್ಯಾರಿಸ್ಸಿನ 'ಲೋಟೋ' ಎಂಬ ಕ್ರೀಡಾ ಪತ್ರಿಕೆ ಮಾರಾಟವಾಗದೆ ಒದ್ದಾಡುತ್ತಿತ್ತು. ಓದುಗರನ್ನು ಹಿಡಿಯೋಕೆ ಸಂಪಾದಕ ಆನ್ರಿ ದೆಗ್ರಾಂಜ್ ಇಡೀ ದೇಶ ಸುತ್ತುವ ರೇಸ್ ಶುರುಮಾಡಿದ. ಒಟ್ಟು 2,428 ಕಿ.ಮೀ., ಆರೇ ಹಂತ. ಮೊದಲ ಹಂತ, ಪ್ಯಾರಿಸ್ಸಿನಿಂದ ಲಿಯೋಂಗೆ, 467 ಕಿ.ಮೀ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ, ಅರಸೀಕೆರೆಯಿಂದ ಬಾಣಾವರ, ಜಾವಗಲ್, ಹಳೇಬೀಡು ದಾಟಿ ಬೇಲೂರಿಗೆ ಸುಮಾರು 60 ಕಿ.ಮೀ. ಹೀಗೆ ಹೆಚ್ಚುಕಡಿಮೆ ನಾಲ್ಕು ಸಲ ಹೋಗಿ ಬಂದ ಹಾಗೆ, ಅದೂ ರಾತ್ರಿಯಿಡೀ, ಗೇರಿಲ್ಲದ ಸೈಕಲ್ಲಿನಲ್ಲಿ! ಹೊರಟವರು 60 ಜನ, ಮುಗಿಸಿದವರು 21. ಗೆದ್ದವನು ಮೊರೀಸ್ ಗಾರಾಂ.

ಇದನ್ನೆಲ್ಲ ಕಂಡವರು ಯಾರು? ದಾರಿ ಬದಿಯವನಿಗೆ ಕಂಡಿದ್ದು ಒಂದಿಷ್ಟು ಧೂಳು, ನಾಲ್ಕು ಬೆನ್ನು. ಹಳೇಬೀಡಿನ ಗೋಡೆಯಲ್ಲಿ ರಾಮಾಯಣ, ಮಹಾಭಾರತ ನಿಂತಲ್ಲೇ ನಿಂತಿರುತ್ತೆ, ನಾವು ಸುತ್ತು ಹಾಕಿ ನೋಡ್ತೀವಿ. ಇಲ್ಲಿ ನಾವು ನಿಂತಿರ್ತೀವಿ, ಕತೆ ಓಡಿಹೋಗುತ್ತೆ. ಮುಂದೇನಾಯ್ತು ಅಂತ ತಿಳಿಯೋಕೆ ಲಿಯೋನಿನವನೂ ಪೇಪರ್ ಕೊಳ್ಳಲೇಬೇಕು. ದೆಗ್ರಾಂಜ್‌ಗೆ ಬೇಕಾಗಿದ್ದೂ ಅದೇ. ಪತ್ರಿಕೆಯ ಪ್ರಸಾರ 25 ಸಾವಿರದಿಂದ 65 ಸಾವಿರಕ್ಕೆ ಏರಿತು. ಆ ಪತ್ರಿಕೆಯ ಕಾಗದ ಹಳದಿ. 1919ರಲ್ಲಿ ಮುಂದಿದ್ದ ಸವಾರನಿಗೆ ಕೊಡಲು ಶುರುಮಾಡಿದ ಜರ್ಸಿಯೂ ಹಳದಿ.

ಅಂದಮೇಲೆ ಈ ಆಟದಲ್ಲಿ ಎಲ್ಲರೂ ದೂರದ ಅಭಿಮಾನಿಗಳೇ. ಹೇಳುವವನನ್ನು ನಂಬಬೇಕು. ಅಪಾಯ ಇರೋದೂ ಅಲ್ಲೇ. 1904ರಲ್ಲಿ ಮತ್ತೆ ಗೆದ್ದ ಗಾರಾಂನನ್ನೂ ಅವನ ಹಿಂದಿನ ಮೂವರನ್ನೂ ಮೋಸದ ಕಾರಣಕ್ಕೆ ತಿಂಗಳುಗಳ ನಂತರ ಅನರ್ಹಗೊಳಿಸಿದರು. ನೂರು ವರ್ಷ ಕಳೆದರೂ ಪಾಠ ಮುಗಿಯಲಿಲ್ಲ. ಕ್ಯಾನ್ಸರ್ ಗೆದ್ದುಬಂದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕತೆ ಬೆಂಗಳೂರಿನವರನ್ನೂ ಮರುಳು ಮಾಡಿತ್ತು. 1999ರಿಂದ 2005ರವರೆಗಿನ ಅವನ ಏಳೂ ಪ್ರಶಸ್ತಿಗಳನ್ನು 2012ರಲ್ಲಿ ಕಿತ್ತುಕೊಂಡರು. ಆ ವರ್ಷಗಳಿಗೆ ಈಗ ವಿಜೇತರೇ ಇಲ್ಲ. ಐರಿಷ್ ಪತ್ರಕರ್ತ ಡೇವಿಡ್ ವಾಲ್ಶ್ ಥರದ ಕೆಲವರು ಮೊದಲಿಂದಲೂ ಅನುಮಾನಿಸಿದ್ದರು. ಅಂಥವರ ಮಾತಿಗಿಂತ ಚಂದದ ಕತೆಯೇ ಹೆಚ್ಚು ಜನಕ್ಕೆ ಮುಟ್ಟಿತ್ತು, ಅಷ್ಟೇ.

ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುತ್ತೆ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ಎಷ್ಟೋ ವರ್ಷಗಳಿಂದ ರಾಷ್ಟ್ರೀಯ ಸೈಕ್ಲಿಂಗ್‌ನಲ್ಲಿ ಪದಕ ತರ್ತಿದ್ದಾರೆ. ಬೆಂಗಳೂರಿನ ನವೀನ್ ಜಾನ್ 2016ರಲ್ಲಿ ದೋಹಾದ ವಿಶ್ವ ರೋಡ್ ಚಾಂಪಿಯನ್‌ಶಿಪ್‌ನಲ್ಲಿ ಓಡಿಸಿದರು. ಆಲ್ಪ್ಸ್‌ನ ಘಾಟಿಗಳ ಹೆಸರು ಬಾಯಿಪಾಠ ಹೇಳುವ ನಮ್ಮಂಥವರಲ್ಲಿ ಎಷ್ಟು ಜನಕ್ಕೆ ಇವರ ಹೆಸರು ಗೊತ್ತು? ಫ್ರಾನ್ಸಿನ ಕತೆ ಹೇಳೋಕೆ 1903ರಿಂದ ಒಬ್ಬನಲ್ಲ ಒಬ್ಬ ಇದ್ದ. ವಿಜಯಪುರದ ಕತೆ ಹೇಳುವವರು ಕಮ್ಮಿ. ಹಾಗಾಗಿ ನಮಗೆ ಆಲ್ಪ್ಸ್ ಹತ್ತಿರ, ವಿಜಯಪುರ ದೂರ.

ನಿಮ್ಮೂರ ಜಾತ್ರೆಯಲ್ಲೋ, ದಸರಾದಲ್ಲೋ ಸೈಕಲ್ ರೇಸ್ ನಡೆದರೆ ಯಾರು ಗೆದ್ದರು, ಎಷ್ಟು ಕಿ.ಮೀ., ಎಷ್ಟು ಹೊತ್ತು ಅಂತ ನಾಲ್ಕು ಸಾಲು ಬರೀರಿ. ಓದೋಕೆ ಒಬ್ಬ ಗಿರಾಕಿಯಂತೂ ಗ್ಯಾರಂಟಿ :)